ಬೀದರ್ ನೋಡೋಕೆ ಕಾರ್ ಬೇಡ, ಸ್ಟೇಷನ್ ಮುಂದಿನ ಆಟೊ ಹಿಡಿಯಿರಿ

ಬೀದರ್‌ಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಕಾರ್ ಪ್ಯಾಕೇಜ್, ₹3,500. ಯಾವ ಟ್ರಾವೆಲ್ಸ್ ಅಂತ ಹೇಳೋದಿಲ್ಲ, ಬಿಡಿ. ಕೋಟೆಯಲ್ಲಿ 40 ನಿಮಿಷ, ಮಹಮೂದ್ ಗವಾನ್ ಮದರಸಾ ಮುಂದೆ ಇಂಜಿನ್ ಆರಿಸದೆಯೇ 'ಫೋಟೊ ತಗೊಳ್ಳಿ ಸರ್', ಆಮೇಲೆ ಸೀದಾ ಒಂದು ಅಂಗಡಿ. ಅಲ್ಲಿ ಬಿದ್ರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಇಲ್ಲಿಯ ಕಲೆ) ಅಂತ ಕೊಂಡ ಕುಂಕುಮದ ಭರಣಿಯ ಕಪ್ಪು ಎರಡೇ ತಿಂಗಳಿಗೆ ಬೆರಳಿಗೆ ಹತ್ತಲು ಶುರುವಾಯಿತು. ಬರೀ ಪೇಂಟ್!

ಎರಡನೇ ಸಲ ಹೋದದ್ದು ಆಟೊದಲ್ಲಿ, ದಿನಪೂರ್ತಿಗೆ ₹900. ಈ ವಿಮರ್ಶೆ ಆ ಆಟೊದ್ದು.

ನಾನು ಮೈಸೂರು ಕಡೆಯವನು, ಕೆಲಸಕ್ಕೆ ಅಂತ ಕಲಬುರಗಿಗೆ ಬಂದು ಎರಡು ವರ್ಷ. ಹೆಂಡತಿ ಜೊತೆ ಬೆಳಗಿನ ರೈಲು ಹತ್ತಿದೆ. ಈ ಲೈನ್ 2017ರಲ್ಲಿ ಶುರುವಾಗಿದ್ದು, ಮಧ್ಯೆ ಒಂದು ಉದ್ದದ ಸುರಂಗ ಬರುತ್ತದೆ, ಆಗ ಬೋಗಿಯಲ್ಲಿರುವ ಹುಡುಗರೆಲ್ಲ ಒಟ್ಟಿಗೆ ಕಿರುಚುತ್ತಾರೆ. ಬೀದರ್ ಸ್ಟೇಷನ್ ಹೊರಗೆ ನೋಡಿದರೆ ಒಂದೇ ಒಂದು ಆಟೊ. ಅಂಗಡಿಗಳೂ ಮುಚ್ಚಿವೆ. ಬಂದ್ ಇರಬೇಕು ಅಂದುಕೊಂಡೆವು.

'ಕಾಕಾ, ಊರೆಲ್ಲ ತೋರಿಸೋಕೆ ಎಷ್ಟು ಆಗುತ್ತೆ?' ಅಂದೆ.

'ಒಂಬತ್ನೂರು ಕೊಡ್ರಿ. ಖರೇ ಅಂದ್ರ ಇವತ್ತ ನಾ ಗಾಡಿ ಹೊಡೀಬಾರ್ದಿತ್ರಿ, ಎಳ್ಳಮಾಸಿ ಅದ. ಒಂದು ಮಾತು, ಮಧ್ಯಾಹ್ನ ಊಟದ ಹೊತ್ತಿಗಿ ನಾ ಹೊಲದಾಗ ಇರಬೇಕು. ನೀವೂ ಬರ್ರಿ.'

ಕರಾರು ಇಷ್ಟೇ. ಎಳ್ಳ ಅಮಾವಾಸ್ಯೆ ದಿನ ಈ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ ಅಂತ ಆಫೀಸಿನಲ್ಲಿ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಕೋಟೆಯ ಬಾಗಿಲಿಗೆ ಕಾಕಾ ನೇರ ಕರೆದುಕೊಂಡು ಹೋಗಲಿಲ್ಲ. ಮೊದಲು ಕಂದಕದ ಅಂಚಿಗೆ ನಿಲ್ಲಿಸಿದರು. ಇಲ್ಲಿ ಕಂದಕ ಅಂದರೆ ಒಂದಲ್ಲ, ಕೆಂಪು ಕಲ್ಲನ್ನೇ ಕೊರೆದು ಮಾಡಿದ ಮೂರು ಸಾಲು, ನಡುವೆ ಕಲ್ಲಿನ ಗೋಡೆಗಳನ್ನು ಹಾಗೇ ಬಿಟ್ಟಿದ್ದಾರೆ. ಮೊದಲ ಸಲ ಕಾರಿನ ಕಿಟಕಿಯಿಂದ ಇದು ಕಂಡೇ ಇರಲಿಲ್ಲ. ಒಳಗೆ ಸೋಲಾ ಖಂಬ ಮಸೀದಿ ನೋಡಿ ಮುಗಿಸುವಷ್ಟರಲ್ಲಿ ರಂಗೀನ್ ಮಹಲಿನ ಬೀಗದ ಕೈ ಇರುವವರನ್ನು ಕಾಕಾ ಹುಡುಕಿಕೊಂಡು ಬಂದರು. ಸುಮ್ನೆ ಹೋದರೆ ಬೀಗ ನೋಡಿ ವಾಪಸ್ ಬರಬೇಕು, ಕೇಳಿದರೆ ತೆಗೆಯುತ್ತಾರೆ. ಒಳಗೆ ಕುಸುರಿ ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚುಗಳು, ಮತ್ತೆ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಹೂಬಳ್ಳಿ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಚಿಪ್ಪು ಹಸಿರು, ಗುಲಾಬಿ ಅಂತ ಬಣ್ಣ ಬದಲಿಸುತ್ತದೆ. ನನ್ನ ಹೆಂಡತಿ ಅಲ್ಲಿಂದ ಕದಲಲು ತಯಾರಿರಲಿಲ್ಲ.

ಮದರಸಾ ಈ ಸಲ ಒಳಗೆ ಹೋಗಿ ನೋಡಿದೆವು. 1472ರ ಕಟ್ಟಡ. ಕಟ್ಟಿಸಿದವನು ಪರ್ಷಿಯಾದಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಮಂತ್ರಿಯಾದವನು. ಉಳಿದಿರುವ ಒಂದು ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಇವೆ.

ಅಲ್ಲಿಂದ ಚೌಬಾರಾ ಅನ್ನುವ ಹಳೆಯ ಗೋಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಸಂದಿಗೆ ಆಟೊ ನುಗ್ಗಿತು. ಬಿದ್ರಿ ಮಾಡುವವರ ಮನೆ. ಬೋರ್ಡಿಲ್ಲ, ಶೋಕೇಸ್ ಇಲ್ಲ, ನಾಲ್ಕು ಜನ ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದರು. 2006ರಲ್ಲಿ ಜಿಐ ಟ್ಯಾಗ್ ಬಂದಿರುವ ಕಲೆ, 2023ರಲ್ಲಿ ಇದೇ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ಅದೆಲ್ಲ ಪೇಪರ್‌ನಲ್ಲಿ ಓದಿದ್ದೆ. ಕಣ್ಣ ಮುಂದೆ ನೋಡಿರಲಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಡಬ್ಬಿ ಮೊದಲಿಗೆ ಬೂದು ಬಣ್ಣ. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಮೊನೆಯಿಂದ ಕೈಯಲ್ಲೇ ಬಳ್ಳಿ ಬಿಡಿಸುತ್ತಾರೆ. ಗೆರೆ ಹಿಡಿದು ಉಳಿ ಹೊಡೆದು, ಆ ಕಾಲುವೆಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟಿ, ಉಜ್ಜಿದ ಮೇಲೆ ಬೂದು ಲೋಹದಲ್ಲಿ ಬೆಳ್ಳಿ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಬೆರೆತು ಹೋಗಿರುತ್ತದೆ. ಕಡೆಗೆ ಕೋಟೆಯ ಮಣ್ಣು. ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಬೇಕಂತೆ, ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಅದನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ, ಡಬ್ಬಿ ಅದ್ದಿ ಉಜ್ಜಿದರು. ನಾನು ನೋಡನೋಡುತ್ತಲೇ ಬೂದು ಹೋಗಿ ಕಾಡಿಗೆ ಕಪ್ಪಾಯಿತು, ಬೆಳ್ಳಿ ಮಾತ್ರ ಬಿಳುಪಾಗಿ ಎದ್ದು ನಿಂತಿತು. ಮಣ್ಣಿಗೆ ಬೆಳ್ಳಿಯ ತಂಟೆ ಇಲ್ಲ, ಸತುವಿನ ಮೇಲೆ ಮಾತ್ರ ಅದರ ಆಟ.

ಆ ಡಬ್ಬಿಗೇ ₹1,400 ಕೊಟ್ಟು ತಂದೆವು. ಹಳೆಯ ಭರಣಿ ಕೈಯಲ್ಲಿ ಹಗುರ ಇತ್ತು, ಇದು ಗಾತ್ರಕ್ಕೆ ಮೀರಿದ ಭಾರ. ಎಂಟು ತಿಂಗಳಾಯಿತು, ಬಿಳಿ ಬಟ್ಟೆಯಿಂದ ಉಜ್ಜಿದರೂ ಕಪ್ಪು ಬರುವುದಿಲ್ಲ. ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಅಂದಿದ್ದರು, ಸವರುತ್ತೇವೆ. ಕಾಕಾ ಆ ಮನೆಯಿಂದ ಕಮಿಷನ್ ತಗೊಂಡರಾ? ಗೊತ್ತಿಲ್ಲ. ತಗೊಂಡಿದ್ದರೂ ತೊಂದರೆ ಇಲ್ಲ.

ಒಂದು ಗಂಟೆಗೆ ಅಷ್ಟೂರು. ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ಬಯಲಲ್ಲಿ ನಿಂತಿವೆ. ಹುಮಾಯೂನ್ ಶಾನ ಗೋರಿ ಸಿಡಿಲು ಬಡಿದು ಅರ್ಧ ಬಿದ್ದು ಹೋಗಿದೆ, ಉಳಿದರ್ಧ ಕೊಯ್ದ ಈರುಳ್ಳಿ ಥರ ಗುಮ್ಮಟದ ದಪ್ಪ ತೋರಿಸುತ್ತಾ ನಿಂತಿದೆ. ಅಹ್ಮದ್ ಶಾ ವಲಿಯ ಗೋರಿಯೊಳಗೆ ಕತ್ತೆತ್ತಿದರೆ ಚಿತ್ತಾರವೋ ಚಿತ್ತಾರ. ಈತನನ್ನು ಇಲ್ಲಿಯ ಜನ ಅಲ್ಲಮಪ್ರಭು ಅಂತಲೂ ನಂಬುತ್ತಾರೆ. ಹೋಳಿ ಆದ ಮೇಲೆ ನಡೆಯುವ ಉರುಸಿಗೆ ಆಳಂದ ತಾಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಇದನ್ನು ಕಾಕಾ ಏನೋ ಪಕ್ಕದ ಮನೆ ಮದುವೆ ವಿಷಯ ಹೇಳಿದ ಹಾಗೆ ಹೇಳಿ, 'ನಡೀರಿ, ಭಜ್ಜಿ ಆರ್ತದ' ಅಂದರು.

ಗುಮ್ಮಟಗಳು ಕಾಣುವಷ್ಟೇ ದೂರದಲ್ಲಿ ಅವರ ಹೊಲ. ಬಿಳಿಜೋಳ ಎದೆಮಟ್ಟ ನಿಂತಿತ್ತು. ಚರಗ ಚೆಲ್ಲಿ, ಅಂದರೆ ಹೊಲಕ್ಕೆ ಎಡೆಯ ಅಡುಗೆ ಎರಚಿ ಆಗಿತ್ತು, ಮಕ್ಕಳು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಗೆ ಜಗಳ ಆಡುತ್ತಿದ್ದರು. ಭಜ್ಜಿ ಅಂದರೆ ನಮ್ಮ ಕಡೆಯ ಬಜ್ಜಿ ಅಲ್ಲ, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಹೊಲದ ಸೊಪ್ಪು, ಹಸಿ ತೊಗರಿ, ಅವರೆ, ಬಟಾಣಿ, ಸಿಕ್ಕಿದ ತರಕಾರಿ ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಬೇಯಿಸಿದ ಗಟ್ಟಿ ಪಲ್ಯ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬೆಳ್ಳುಳ್ಳಿ ಹಾಕಿದ ಅಂಬಲಿ. ಕಾಕಾನ ಅವ್ವ ನನ್ನ ಹೆಂಡತಿ ತಟ್ಟೆ ಖಾಲಿಯಾಗಲು ಬಿಡಲೇ ಇಲ್ಲ, 'ಇನ್ನೊಂದು ಕಟಕ್ ರೊಟ್ಟಿ ತಗೋ ಯವ್ವಾ, ಏನ್ ಆಗಲ್ಲ.' ಮೂರು ತಗೊಂಡಳು. ಊಟಕ್ಕೆ ಎಷ್ಟು ಕೊಡಬೇಕು ಅಂತ ಕೇಳಲು ಬಾಯಿ ತೆರೆದಿದ್ದೆ, ಅವಳು ಚಿವುಟಿದಳು.

ಇನ್ನು ತಕರಾರು. ಹಿಂದಿನ ಸೀಟಿನ ಸ್ಪಂಜು ಸತ್ತಿದೆ, ಅಷ್ಟೂರು ದಾರಿಯಲ್ಲಿ ಬೆನ್ನು ಲೆಕ್ಕ ಕೊಡುತ್ತದೆ. ಖಾಲಿ ರಸ್ತೆಯಲ್ಲೂ ಹಾರ್ನ್. ಇಸವಿ, ರಾಜರ ಹೆಸರು ಕಾಕಾನ ಬಾಯಲ್ಲಿ ಕಲಸುಮೇಲೋಗರ, ಅದಕ್ಕೆ ಬೋರ್ಡ್ ಓದಿಕೊಳ್ಳಿ. ಹೊಲದಲ್ಲಿ ಎರಡೂವರೆ ಗಂಟೆ ಕಳೆದದ್ದರಿಂದ ನೌಬಾದ್‌ನ ಕರೇಜನ್ನು ಓಡಿ ಓಡಿ ನೋಡಬೇಕಾಯಿತು. ಬಹಮನಿಗಳ ಕಾಲದ ಸುರಂಗ ಬಾವಿ ಅದು, ನೆಲದಡಿಯಲ್ಲೇ ನೀರು ಹರಿಸುವ ಕಾಲುವೆ, ಮೇಲಿಂದ ಅಲ್ಲಲ್ಲಿ ಬಾವಿಯಂಥ ಬಾಯಿ. ಒಂದರಲ್ಲಿ ಇಣುಕಿದೆವು, ಅಷ್ಟೇ. ಝರಣಿ ನರಸಿಂಹ ಗುಡಿ ಬಿಟ್ಟೇ ಹೋಯಿತು. ಅಲ್ಲಿ ಗುಹೆಯೊಳಗೆ ಎದೆಮಟ್ಟದ ನೀರಲ್ಲಿ, ತಲೆ ಮೇಲೆ ಬಾವಲಿ ಇಟ್ಟುಕೊಂಡು ನಡೆಯಬೇಕು, ನಾವು ಬದಲಿ ಬಟ್ಟೆ ತಂದಿರಲಿಲ್ಲ. ಸಂಜೆ ರೈಲೂ ತಪ್ಪಿತು.

ಬಸ್ ಸ್ಟ್ಯಾಂಡ್‌ನಲ್ಲಿ ಇಳಿಸುವಾಗ ₹1,000 ಕೊಟ್ಟೆ, ಕಾಕಾ ನೂರು ವಾಪಸ್ ಕೊಟ್ಟು, ಸೀಟಿನ ಹಿಂದಿನಿಂದ ಸುಲಗಾಯಿಯ (ಹಸಿ ಕಡಲೆ ಗಿಡದ) ಒಂದು ಕಟ್ಟು ಎಳೆದು ಹೆಂಡತಿಯ ಮಡಿಲಿಗೆ ಹಾಕಿದರು. ಹುಮನಾಬಾದ್ ತನಕ ಸುಲಿದು ತಿಂದೆವು. ಸಿಪ್ಪೆ ಕೆಳಗೆ ಬಿದ್ದದ್ದಕ್ಕೆ ಬೈಯಲು ಬಂದ ಕಂಡಕ್ಟರ್, ತಾನೂ ಒಂದು ಕೊಂಬೆ ಮುರಿದುಕೊಂಡು ಮುಂದಿನ ಸೀಟಿಗೆ ಹೋದ.