ಹೆಜ್ಜೆ ಎಣಿಸೋದಾ, ಜೊತೆಗಾರರನ್ನು ಹುಡುಕೋದಾ?

ತೂಕ ಜಾಸ್ತಿಯಿದೆ, ನಡಿಗೆ ಶುರುಮಾಡಬೇಕು ಅನ್ನುವ ಕಾರವಾರದವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊಬೈಲಿನಲ್ಲಿ ಹೆಜ್ಜೆ ಎಣಿಸಿ ಬರೆದಿಡುವುದಕ್ಕೆ ಯಾರನ್ನೂ ಕಾಯಬೇಕಿಲ್ಲ. ಆದರೆ ಮೊದಲ ದಿನವೇ 10,000ಕ್ಕೆ ಕೈಹಾಕಬೇಡಿ. ಒಂದು ವಾರ ಈಗಿನ ಸರಾಸರಿ ನೋಡಿ. ದಿನಕ್ಕೆ 3,000 ಇದ್ದರೆ ಮುಂದಿನ ವಾರ 3,500 ಸಾಕು.

ಜೊತೆಗಾರರ ಬಲವೇ ಬೇರೆ. "ಸಂಜೆ ಐದೂವರೆಗೆ ಟಾಗೋರ್ ಬೀಚಿನ ಯುದ್ಧನೌಕೆ ಹತ್ತಿರ ಬರ್ತೀನಿ ಅಕ್ಕಾ" ಎಂದು ಪಕ್ಕದ ಮನೆಯವರಿಗೆ ಮಾತು ಕೊಟ್ಟರೆ ತಪ್ಪಿಸಲು ಮನಸ್ಸು ಬಾರದು. ಜನ ನೋಡುತ್ತಾರೆಂಬ ಸಂಕೋಚ ಎಷ್ಟೋ ಮಂದಿಯನ್ನು ಮನೆಯಲ್ಲೇ ಕೂರಿಸುತ್ತದೆ. ಪಕ್ಕದಲ್ಲಿ ಒಬ್ಬರಿದ್ದರೆ ಅದು ಅರ್ಧ ಇಳಿಯುತ್ತದೆ. (ಮಂಡಿನೋವಿದ್ದರೆ ಸಡಿಲ ಮರಳು ಬೇಡ, ಸಮತಟ್ಟಾದ ಗಟ್ಟಿ ನೆಲ ಹಿಡಿಯಿರಿ.) ಜೊತೆಗಾರರು ಊರಿಗೆ ಹೋದರೆ ನಿಮ್ಮ ನಡಿಗೆಯೂ ನಿಲ್ಲಬಹುದು, ಅದೊಂದೇ ತೊಂದರೆ.

ಜೂನ್ ಮಳೆ ಹಿಡಿದ ಮೇಲೆ ಹೆಜ್ಜೆ ಲೆಕ್ಕವೇ ಮೇಲು. ಜಗಲಿಯಲ್ಲಿ ಹತ್ತು ನಿಮಿಷ, ಫೋನಿನಲ್ಲಿ ಮಾತಾಡುತ್ತಾ ಹತ್ತು ನಿಮಿಷ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ.

ಸಂಕೋಚದವರಿಗೆ ನಾನು ಜೊತೆಗಾರರನ್ನೇ ಹೇಳುತ್ತೇನೆ. ಪಾಳಿ ಕೆಲಸದವರಿಗೆ ಮೊಬೈಲ್ ಲೆಕ್ಕ. ಎದೆನೋವು, ಏದುಸಿರು ಇದ್ದವರು ಮೊದಲು ಡಾಕ್ಟರರನ್ನು ಕಾಣಿ.