ಮಳೆ ಸದ್ದಿನಲ್ಲೂ ಉಳಿದ ಮೆಟಲ್: 2024ರ ಮೂರು ಆಲ್ಬಂ, ನಮ್ಮೂರ ಜಗಲಿಯಲ್ಲಿ

2024ರಲ್ಲಿ ಮೆಟಲ್, ಅಂದರೆ ಜೋರು ಗಿಟಾರಿನ ರಾಕ್ ಸಂಗೀತ ಕೇಳುವ ನನ್ನ ಗೆಳೆಯರ ಬಾಯಲ್ಲಿ ಇದ್ದದ್ದು ಎರಡೇ ಆಲ್ಬಂ. ಮೊದಲು ಜೂಡಾಸ್ ಪ್ರೀಸ್ಟ್ ತಂಡದ 'ಇನ್ವಿನ್ಸಿಬಲ್ ಶೀಲ್ಡ್', ಆಮೇಲೆ ಓಪೆತ್ ತಂಡದ 'ದ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್'. ಎರಡೂ ಒಳ್ಳೆಯವೇ. ಆದರೆ ಅದೇ ವರ್ಷ ಬಂದ ಇನ್ನು ಮೂರು ಆಲ್ಬಂ ಬಗ್ಗೆ ಶಿವಮೊಗ್ಗದಲ್ಲಿ ನನ್ನ ಹತ್ತಿರ ಒಬ್ಬರೂ ಮಾತೆತ್ತಲಿಲ್ಲ. ಅದು ನನಗೆ ನಿಜಕ್ಕೂ ಬೇಜಾರು. ಹಾಗಾಗಿ ಈ ಮಳೆಗಾಲ ಪೂರ್ತಿ ಆ ಮೂರನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ.

ಕೇಳಿದ್ದು ಎರಡು ಕಡೆ. ಒಂದು, ಶನಿವಾರ ಊರಿಗೆ ಹೋಗುವ ಬಸ್ಸು. ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ದಾಟಿ ಮೇಗರವಳ್ಳಿವರೆಗೆ, ಕಿವಿಯಲ್ಲಿ ಸಾದಾ ವೈರಿನ ಇಯರ್‌ಫೋನು. ಇನ್ನೊಂದು, ನಮ್ಮ ಮನೆಯ ಜಗಲಿ. ಅಂಗಳಕ್ಕೆ ಅಪ್ಪಯ್ಯ ತಗಡಿನ ಶೀಟು ಹೊದಿಸಿದ್ದಾರೆ. ಅದರ ಮೇಲೆ ಜುಲೈ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ.

ಎರಡು ಕಡೆಯೂ ಹಾಡು ಕೆಡುತ್ತದೆ, ಆದರೆ ಬೇರೆ ಬೇರೆ ರೀತಿ. ಬಸ್ಸಿನ ಎಂಜಿನ್ ಗುಂಯ್‌ಗುಡುವುದು ಕೆಳಗಿನ ಸ್ವರದಲ್ಲಿ, ಅದು ಬೇಸ್ ಗಿಟಾರನ್ನು ನುಂಗುತ್ತದೆ. ಶೀಟಿನ ಮೇಲಿನ ಮಳೆ ಮೇಲಿನ ಸ್ವರಗಳನ್ನು ಮುಚ್ಚುತ್ತದೆ. ಡ್ರಮ್ಮಿನ ಜೊತೆಗಿನ ಸಿಂಬಲ್ ತಟ್ಟೆ, ಗಿಟಾರಿನ ಮಿನುಗು ಎಲ್ಲ ಅದರಲ್ಲೇ ಕರಗಿಹೋಗುತ್ತದೆ. ಎರಡನ್ನೂ ದಾಟಿ ಉಳಿಯುವುದು ನಡುವಿನ ಸ್ವರ.

ಆ ನಡುವಿನ ಸ್ವರದಲ್ಲೇ ಬದುಕುವ ಆಲ್ಬಂ ನಮ್ಮ ಬೆಂಗಳೂರಿನದು. ಕ್ರಿಪ್ಟಾಸ್ ತಂಡದ 'ಡೆಸಿಮೇಟರ್'. 1998ರಲ್ಲಿ ಶುರುವಾದ ತಂಡ, 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಸಂಗೀತ ಹಬ್ಬದಲ್ಲಿ ನುಡಿಸಿ ಬಂದವರು. ಇದು ಅವರ ಏಳನೇ ಆಲ್ಬಂ. ಎರಡು ಗಿಟಾರು ಒಂದೇ ರಾಗವನ್ನು ಜೋಡಿಯಾಗಿ, ಒಂದು ಸ್ವಲ್ಪ ಮೇಲೆ ಇನ್ನೊಂದು ಸ್ವಲ್ಪ ಕೆಳಗೆ ನುಡಿಸುತ್ತಾ ಹೋಗುತ್ತವೆ. ಎಂಬತ್ತರ ದಶಕದ ಹೆವಿ ಮೆಟಲ್ ಕೇಳಿ ಬೆಳೆದವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಹಾಡುಗಾರ ನೋಲನ್ ಲೂಯಿಸ್ ದನಿ ಮಾತ್ರ ಒರಟು. ಮೊದಲ ಸಲ ಕೇಳಿದಾಗ ನನಗೂ ಹೊಂದಲಿಲ್ಲ. ಮೂರನೇ ಸಲಕ್ಕೆ ಆ ಒರಟುತನವೇ ರಾಗದ ಸಿಹಿಯನ್ನು ಹದದಲ್ಲಿ ಇಡುತ್ತಿದೆ ಅನ್ನಿಸಿತು.

ಬಸ್ಸಿನಲ್ಲಿ ಇದರ ಒಂದು ಸ್ವರವೂ ಕಳೆದುಹೋಗಲಿಲ್ಲ. ಜಗಲಿಯಲ್ಲೂ ಅಷ್ಟೇ. ಅಕ್ಟೋಬರಿನಲ್ಲಿ ಅಡಿಕೆ ಸುಲಿತ ಶುರುವಾದಾಗ ಒಂದು ರಾತ್ರಿ ಇದನ್ನೇ ಸ್ಪೀಕರಿಗೆ ಹಾಕಿದೆ. ಸುಲಿಯಲು ಬಂದಿದ್ದ ಪಕ್ಕದ ಮನೆ ಅಕ್ಕ ಸಿನಿಮಾ ಹಾಡು ಬಿಟ್ಟು ಬೇರೆ ಕೇಳುವವರಲ್ಲ. ಎರಡು ಹಾಡು ಆದ ಮೇಲೆ ಕತ್ತಿಯಿಂದ ಕಣ್ಣು ತೆಗೆಯದೆ, "ಕೂಗಾಟ ಇದ್ರೂ ರಾಗ ಇದೆ ಅಲ್ವಾ ತಮ್ಮಾ, ಇರ್ಲಿ ಬಿಡು" ಅಂದರು. ಅವರ ಕೈ ಡ್ರಮ್ಮಿನ ತಾಳಕ್ಕೇ ಓಡುತ್ತಿತ್ತು. ಒಂದು ಕಾಯಿ ಎತ್ತು, ಸಿಪ್ಪೆ ಬಿಡಿಸು, ಬುಟ್ಟಿಗೆ ಹಾಕು. ನಾನು ಅದನ್ನೇ ನೋಡುತ್ತಾ ಕೂತುಬಿಟ್ಟೆ.

ಹೈ ಆನ್ ಫೈರ್ ತಂಡದ 'ಕಮೆತ್ ದ ಸ್ಟಾರ್ಮ್' ಇದಕ್ಕೆ ಪೂರ್ತಿ ಉಲ್ಟಾ. ಅಮೆರಿಕದ ಈ ಮೂವರ ಹಿಂದಿನ ಆಲ್ಬಂ 2018ರದ್ದು, ಅದರ ಹಾಡೊಂದಕ್ಕೆ ಗ್ರ್ಯಾಮಿಯೂ ಬಂದಿತ್ತು. ಆದರೂ ಆರು ವರ್ಷ ಬಿಟ್ಟು ಬಂದ ಇದನ್ನು ನಮ್ಮಲ್ಲಿ ಯಾರೂ ಕೇಳಲಿಲ್ಲ. ಗಿಟಾರು ತುಂಬಾ ಕೆಳಗೆ ಇಳಿಸಿದ ಸ್ವರದಲ್ಲಿದೆ, ದಪ್ಪ ಕೆಸರಿನ ಹಾಗೆ. ಬಸ್ಸಿನಲ್ಲಿ ಎಂಜಿನ್ ಇದರ ಅರ್ಧವನ್ನು ತಿಂದುಹಾಕಿತು. ಹಾಡುಗಾರ ಮ್ಯಾಟ್ ಪೈಕ್ ದನಿ ಮತ್ತು ಹೊಸ ಡ್ರಮ್ಮರ್ ಕೋಡಿ ವಿಲಿಸ್ ಹೊಡೆತ ಮಾತ್ರ ಉಳಿಯಿತು. ಅಲ್ಲಿಗೇ ಬಿಟ್ಟಿದ್ದರೆ ಇದು ಕೊನೆಯ ಸ್ಥಾನದಲ್ಲಿ ಇರುತ್ತಿತ್ತು.

ಜಗಲಿಯಲ್ಲಿ ಕಥೆಯೇ ಬೇರೆ. ಮಳೆ ಮೇಲಿಂದ ಸುರಿಯುತ್ತಿತ್ತು, ಇದು ಅದರ ಅಡಿಯಲ್ಲಿ ನಡೆಯುತ್ತಿತ್ತು. ಸ್ಪೀಕರು ಇಟ್ಟ ಹಳೇ ಮರದ ಬೆಂಚಿನ ಮೇಲೆ ಕೈ ಇಟ್ಟರೆ ಬೇಸಿನ ನಡುಕ ಅಂಗೈಗೆ ಬರುತ್ತಿತ್ತು. ಮಳೆಗೂ ಇದಕ್ಕೂ ಜಗಳವೇ ಇಲ್ಲ. ಆಲ್ಬಮ್ಮಿನ ನಡುವೆ 'ಕರಾನ್‌ಲಿಕ್ ಯೋಲ್' ಅಂತ ಒಂದು ಚಿಕ್ಕ ತುಣುಕು ಬರುತ್ತದೆ, ಹಾಡುಗಾರಿಕೆ ಇಲ್ಲ. ಟರ್ಕಿ ಭಾಷೆಯಲ್ಲಿ ಕತ್ತಲೆಯ ದಾರಿ ಅಂತ ಅರ್ಥ. ಬೇಸ್ ನುಡಿಸುವ ಜೆಫ್ ಮ್ಯಾಟ್ಜ್ ಟರ್ಕಿಯ ಸಂಗೀತವನ್ನು ಶ್ರದ್ಧೆಯಿಂದ ಕಲಿತವರು, ಅಲ್ಲಿನ ಬಾಲಮಾ ಅನ್ನುವ ತಂತಿವಾದ್ಯ ನುಡಿಸುತ್ತಾರೆ. ಅಷ್ಟು ಭಾರದ ಹಾಡುಗಳ ನಡುವೆ ಆ ತಂತಿಯ ಸದ್ದು ಬಂದಾಗ ಉಸಿರು ಬಿಟ್ಟ ಹಾಗಾಗುತ್ತದೆ. ಕೊನೆಯ 'ಡಾರ್ಕರ್ ಫ್ಲೀಸ್' ಹತ್ತು ನಿಮಿಷದ ಹಾಡು. ನನಗೆ ಸ್ವಲ್ಪ ಜಾಸ್ತಿ ಆಯಿತು.

ಫಿನ್‌ಲ್ಯಾಂಡಿನ ಒರಾನ್ಸಿ ಪಜುಜು ತಂಡದ 'ಮೂನ್‌ತೌತುಯಾ'ವನ್ನೂ ಸೇರಿಸೋಣ ಅಂತಿದ್ದೆ. ಎರಡು ಸಲ ಕೇಳಿದೆ. ಧೈರ್ಯದ ಕೆಲಸ, ನಿಜ. ಆದರೆ ಬಸ್ಸಿನಲ್ಲಿ ಅದು ಬರೀ ಗದ್ದಲವಾಗಿ ಕೇಳಿತು. ಕೈಬಿಟ್ಟೆ.

ಮೂರನೆಯದು ಫ್ರಾನ್ಸಿನ ಆಲ್ಸೆಸ್ಟ್. ಆಲ್ಬಂ 'ಲೆ ಶಾಂ ದ ಲೊರೋರ್', ನಸುಕಿನ ಹಾಡುಗಳು ಅಂತ. 2024ರ ಜೂನ್‌ನಲ್ಲಿ ಬಂತು, ಏಳು ಹಾಡು. ಮೆಟಲ್‌ನಲ್ಲೇ ತುಂಬಾ ಒರಟಾದ ಬ್ಲ್ಯಾಕ್ ಮೆಟಲ್‌ನ ವೇಗಕ್ಕೆ ಮೆತ್ತನೆಯ, ಕನಸಿನಂಥ ಗಿಟಾರನ್ನು ಬೆರೆಸುವ ದಾರಿಯನ್ನು ಮೊದಲು ತೋರಿಸಿದವರಲ್ಲಿ ಇವರ ಹಾಡುಗಾರ ನೇಜ್ ಮುಖ್ಯ. ನಡುನಡುವೆ ಕಿರುಚುವ ದನಿಯೂ ಬರುತ್ತದೆ, ಆದರೆ ಅದರಲ್ಲಿ ಸಿಟ್ಟಿಲ್ಲ, ಹಂಬಲ ಇದೆ. ಗಿಟಾರಿನ ಮೇಲೆ ಗಿಟಾರು, ಅದರ ಮೇಲೆ ದನಿ, ಎಲ್ಲ ಮಂಜಿನ ಹಾಗೆ ಪದರಪದರ. ಇಂಥದ್ದು ಮಳೆಯ ಮುಂದೆ ನಿಲ್ಲುವುದೇ ಇಲ್ಲ. ಬಸ್ಸಿನಲ್ಲಿ ಮಸುಕು, ಶೀಟಿನಡಿ ಏನೂ ಇಲ್ಲ. ಜುಲೈನಲ್ಲಿ ಕೇಳಿ ಸುಮ್ನೆ ಬದಿಗಿಟ್ಟಿದ್ದೆ.

ಮೊದಲ ಹಾಡಿನ ಹೆಸರು 'ಕೊಮೊರೆಬಿ'. ಎಲೆಗಳ ಸಂದಿಯಿಂದ ಸೋಸಿ ಬೀಳುವ ಬಿಸಿಲಿಗೆ ಜಪಾನಿನವರು ಹೇಳುವ ಮಾತು. ಅಡಿಕೆ ತೋಟದಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ, ಮಳೆ ಬಿಟ್ಟು ನಾಲ್ಕು ದಿನ ಆಗಿತ್ತು, ತೋಟದ ಕಾಲುವೆ ಪಕ್ಕ ಕೂತು ಮತ್ತೆ ಹಾಕಿದೆ. ಹಿಂದೆ ಕೇಳಿಸದೇ ಇದ್ದ ಒಂದೊಂದೇ ಪದರ ಬಿಚ್ಚಿಕೊಂಡಿತು. ಜುಲೈನಲ್ಲಿ ಮಂದ ಅನ್ನಿಸಿದ್ದ 'ಅಮೆತಿಸ್ತ್' ಹಾಡನ್ನು ಅವತ್ತು ಮೂರು ಸಲ ಕೇಳಿದೆ.

ಬಸ್ಸಿಗೆ ಒಂದೇ ಆಲ್ಬಂ ಅಂದರೆ ಕ್ರಿಪ್ಟಾಸ್, ಎರಡು ಮಾತಿಲ್ಲ. ಮಳೆ ಹಿಡಿದ ಸಂಜೆಗೆ ಹೈ ಆನ್ ಫೈರ್, ಒಳ್ಳೆಯ ಸ್ಪೀಕರಿನಲ್ಲಿ. ಮೂರರಲ್ಲಿ ಯಾವುದು ಇಷ್ಟ ಅಂತ ಕೇಳಿದರೆ ನಾನು ಆಲ್ಸೆಸ್ಟ್ ಅನ್ನುತ್ತೇನೆ. ನನ್ನ ಹಾಗೆ ಮಳೆಗಾಲದಲ್ಲಿ ಕೇಳಿ ಅರ್ಧಕ್ಕೆ ಬಿಟ್ಟವರಿದ್ದರೆ, ಬಿಸಿಲು ಬಂದ ಮೇಲೆ 'ಕೊಮೊರೆಬಿ'ಯಿಂದ ಮತ್ತೆ ಶುರು ಮಾಡಿ.