ಝೀಬ್ರಾ ಪ್ಲೆಕೊಗೆ ದುಡ್ಡು ಕಳಿಸುವ ಮುಂಚೆ ಇದನ್ನೊಮ್ಮೆ ಓದಿ

ಹೇಳಿಕೊಳ್ಳೋಕೂ ನಾಚಿಕೆ. 12 ವರ್ಷದಿಂದ ಮೀನು ಸಾಕುತ್ತಿದ್ದೇನೆ. ಆದರೂ ಕಳೆದ ತಿಂಗಳು 14,000 ರೂಪಾಯಿ ಕೊಟ್ಟು ಟೋಪಿ ಹಾಕಿಸಿಕೊಂಡೆ.

ಒಂದಕ್ಕೆ 3,500ರಂತೆ ನಾಲ್ಕು ಝೀಬ್ರಾ ಪ್ಲೆಕೊ, ಅಂದರೆ ಕಪ್ಪು-ಬಿಳಿ ಪಟ್ಟೆಯ ಸಣ್ಣ ಮೀನು. ಮೀನು ಸಾಕುವವರ ಲೆಕ್ಕದಲ್ಲಿ ಇದರ ನಂಬರ್ ಎಲ್ 46. ಇಷ್ಟು ಕಮ್ಮಿ ರೇಟು ಕೇಳಿದಾಗಲೇ ಫೋನ್ ಇಡಬೇಕಿತ್ತು. ಈ ಮೀನು ಇರುವುದು ಬ್ರೆಜಿಲ್‌ನ ಶಿಂಗು ನದಿಯ ಬಂಡೆಗಳ ಸಂದಿಯಲ್ಲಿ ಮಾತ್ರ. ಅಲ್ಲೂ ಬೆಲೊ ಮೊಂಟೆ ಅಣೆಕಟ್ಟು ಬಂದು ನೀರು ಕಮ್ಮಿಯಾಗಿದೆ. ಹೊರಗೆ ಕಳಿಸೋದನ್ನು ಬ್ರೆಜಿಲ್ ಎಷ್ಟೋ ವರ್ಷದ ಹಿಂದೆಯೇ ನಿಲ್ಲಿಸಿದೆ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟ್ಸ್, ಅದರ ಪಟ್ಟಿಯಲ್ಲೂ 2022ರಲ್ಲಿ ಇದನ್ನು ಇನ್ನೂ ಬಿಗಿ ನಿಯಮದ ವಿಭಾಗಕ್ಕೆ ತಂದರು. ತೊಟ್ಟಿಯಲ್ಲಿ ಮರಿ ಮಾಡಿಸೋಣ ಅಂದರೆ ಒಂದು ಸಲಕ್ಕೆ ಹತ್ತು ಹದಿನೈದು ಮೊಟ್ಟೆ, ಅಷ್ಟೇ. ಬೆಳೆಯೋದೂ ನಿಧಾನ. 3,500ಕ್ಕೆ ಯಾರು ಕೊಡುತ್ತಾರೆ? ಇದೆಲ್ಲ ನನಗೆ ಗೊತ್ತಿತ್ತು! ಆದರೆ ಮಾರುವವನು "ನಮ್ಮನೇಲೇ ಬ್ರೀಡ್ ಮಾಡಿದ್ದು ಸಾರ್, ಅದಕ್ಕೇ ಈ ರೇಟು" ಅಂದ. ಆಸೆ ನೋಡಿ, ನಂಬಿದೆ.

ಬೆಳಿಗ್ಗೆ ಐದೂವರೆಗೆ ಬಸ್ಸಿನಲ್ಲಿ ಥರ್ಮೋಕೋಲ್ ಬಾಕ್ಸ್ ಬಂತು. ಮೀನು ಸತ್ತು ಬಂದರೆ ದುಡ್ಡು ಕೇಳೋಕೆ, ಅಂದರೆ ಡಿಒಎ ಕ್ಲೇಮ್‌ಗೆ, ಬೇಕಲ್ವಾ ಅಂತ ಬಾಕ್ಸ್ ಬಿಚ್ಚುವ ವಿಡಿಯೋ ಮಾಡಿದೆ. ನಾಲ್ಕೂ ಜೀವಂತ. ಖುಷಿಗೆ ವಿಡಿಯೋದಲ್ಲೇ "ಬಂದ್ವು ಸಾರ್, ಸೂಪರ್ ಆಗಿವೆ" ಅಂತ ಕೂಗಿ ಅವನಿಗೂ ಕಳಿಸಿದೆ.

ಮನೆಯಲ್ಲಿ ನೋಡಿದರೆ ಬಣ್ಣ ಯಾಕೋ ಕಂದು ಕಂದು. ಕೇಳಿದೆ. "ಸ್ಟ್ರೆಸ್ ಕಲರ್ ಸಾರ್. ಒಂದು ವಾರ ಲೈಟ್ ಹಾಕಬೇಡಿ." ನಾನು ಹಾಕಲಿಲ್ಲ! ಸರಿಯಾಗಿ ನೋಡಬೇಡ ಅಂತ ಅವನು ಹೇಳಿದ, ನಾನು ಒಂದು ವಾರ ಕತ್ತಲೆಯಲ್ಲಿ ಕೂತೆ.

ಎಂಟನೇ ದಿನ ಟಾರ್ಚ್ ಬಿಟ್ಟೆ. ಮರಳಿನ ಮೇಲೆಲ್ಲ ಗರಗಸ ಆಡಿಸಿದ ಹಾಗೆ ಮರದ ಪುಡಿ. ಮೊದಲು ಫಿಲ್ಟರ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಕಂಡಿತು. ಒಂದು ಮೀನು ತೊಟ್ಟಿಯಲ್ಲಿಟ್ಟ ಮರದ ತುಂಡಿಗೆ ಬಾಯಿ ಒತ್ತಿ ಕೆರೆಯುತ್ತಿದೆ, ಹಿಂದಿನಿಂದ ಪುಡಿ ಉದುರುತ್ತಿದೆ. ತಿನ್ನೋಕೆ ಹಾಕಿದ್ದ ಬ್ಲಡ್‌ವರ್ಮ್ ಹುಳು ಮುಕ್ಕಾಲು ಹಾಗೇ ಬಿದ್ದಿದೆ. ಝೀಬ್ರಾಗೆ ಬೇಕಿರೋದು ಹುಳು, ಸೀಗಡಿ. ಮರ ಅಲ್ಲ. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ನನ್ನ ತೊಟ್ಟಿಯಲ್ಲಿದ್ದದ್ದು ಮರ ಕೆರೆದು ತಿನ್ನುವ ಬೇರೆ ಜಾತಿ, ಕ್ಲೌನ್ ಪ್ಲೆಕೊ. ವೆನೆಜುವೆಲಾ ಕಡೆಯದು, ನೂರುಗಳ ಲೆಕ್ಕದಲ್ಲಿ ಸಿಗುವ ಮೀನು. ಪಾಪ, ಮೀನಿನ ತಪ್ಪೇನಿಲ್ಲ.

ಫೋಟೋ ಕಳಿಸಿದೆ. ಅವನ ಉತ್ತರ ನೋಡಿ: "ಇದು ಬೇರೆ ನದಿಯ ಝೀಬ್ರಾ ಸಾರ್." ಬೇರೆ ನದಿ ಎಲ್ಲಿದೆಯಪ್ಪಾ? ಇರೋದೇ ಒಂದು! ಹಾಗಂದೆ. "ನಿಮ್ಮ ನೀರು ಸರಿ ಇಲ್ಲ, ಅದಕ್ಕೇ ಪಟ್ಟೆ ಬದಲಾಗಿದೆ." ಬೋರ್‌ವೆಲ್ ನೀರಿಗೆ ಪಟ್ಟೆ ತಿರುಗುತ್ತಾ? ದುಡ್ಡು ವಾಪಸ್ ಕೊಡು ಅಂದೆ. "ಡಿಒಎ ಮಾತ್ರ ಕವರ್ ಸಾರ್. ನೀವೇ ವಿಡಿಯೋದಲ್ಲಿ ಸೂಪರ್ ಅಂದಿದ್ದೀರಲ್ಲ." ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ. ಅಲ್ಲಿಗೆ ಅವನು ನನ್ನನ್ನು ಬ್ಲಾಕ್ ಮಾಡಿದ.

ನೋಡೋದು ಇಷ್ಟೇ. ನಿಜವಾದ ಝೀಬ್ರಾ ಬಿಳಿ ಮೈ, ಕಪ್ಪು ಪಟ್ಟೆ. ಪಟ್ಟೆ ತಲೆಯಿಂದ ಬಾಲದ ಕಡೆಗೆ ಉದ್ದಕ್ಕೆ ಓಡುತ್ತದೆ. ಮೂತಿಯ ಪಕ್ಕ ಇಂಗ್ಲಿಷಿನ ದೊಡ್ಡ ಇ (E) ಅಕ್ಷರದಂಥ ಗುರುತು. ಕ್ಲೌನ್‌ಗೆ ಕಂದು ಮೈ, ಕೆನೆ ಬಣ್ಣದ ಅಡ್ಡಪಟ್ಟೆ, ಉಂಗುರ ಹಾಕಿದ ಹಾಗೆ. ಅದೇ ಮೀನು, ಲೈಟ್ ಹಾಕಿ, ಪಕ್ಕದಿಂದ ವಿಡಿಯೋ ಕೇಳಿ. ಕಳಿಸದಿದ್ದರೆ ಬಿಡಿ. ಮುಖ ನೋಡದವನಿಗೆ ಪೂರ್ತಿ ದುಡ್ಡು ಮೊದಲೇ ಹಾಕಬೇಡಿ, ನನ್ನ ಹಾಗೆ.

ನಿನ್ನೆ ಗೆಳೆಯನ ಫೋನಿನಲ್ಲಿ ಅವನ ಸ್ಟೇಟಸ್ ನೋಡಿದೆ. "ಝೀಬ್ರಾ ಪ್ಲೆಕೊ, ಎರಡೇ ಪೀಸ್ ಉಳಿದಿವೆ." ಕೆಳಗೆ "ಕಸ್ಟಮರ್ ಪ್ರೂಫ್" ಅಂತ ಒಂದು ವಿಡಿಯೋ. ಥರ್ಮೋಕೋಲ್ ಬಾಕ್ಸ್, ನನ್ನ ಕೈ, ನನ್ನದೇ ದನಿ: "ಬಂದ್ವು ಸಾರ್, ಸೂಪರ್ ಆಗಿವೆ."